ಹಾಸಿಗೆ ಹಾಫಿಜರ ಓದು

ಹಾಫಿಜರು ಬಿದ್ದದ್ದು ಹಿಂಜಿಟ್ಟ ಅರಳೆಯ ರಾಶಿಯ ಮೇಲೆ. ಹಾಗಾಗಿ ಬಿದ್ದ ಸದ್ದು ಯಾರಿಗೂ ಕೇಳಿಸಲಿಲ್ಲ. ಒಳಕೋಣೆಯಲ್ಲಿ ಹಾಸಿಗೆಯ ಗವಸಿಗೆ ಅಂಚು ಹೊಲಿಯುತ್ತಿದ್ದ ಅವರ ಹೆಂಡತಿ ತಲೆಯೆತ್ತಿದ್ದು ಅರಳೆ ಹಿಂಜುವ ಬಿಲ್ಲಿನ ಸದ್ದು ನಿಂತಿತೆಂದು. ಬಿಲ್ಲು ನಿಲ್ಲುವುದು ಹೊಸದೇನೂ ಅಲ್ಲ. ತಂತಿಗೆ ಮೇಣ ಉಜ್ಜಲು, ಬೆವರು ಒರೆಸಿಕೊಳ್ಳಲು, ಬಾಗಿಲಿಗೆ ಬಂದವರೊಡನೆ ಚೌಕಾಸಿ ಮಾಡಲು ಅವರು ನಿಲ್ಲಿಸುತ್ತಲೇ ಇದ್ದರು. ಆದರೆ ಆಗೆಲ್ಲ ಬಾಯಲ್ಲಿನ ಓದು ಒಂದು ಸಾಲಿನ ಕೊನೆ ಮುಟ್ಟಿಯೇ ನಿಲ್ಲುತ್ತಿತ್ತು. ಈ ಸಲ ಸಾಲು ಅರ್ಧಕ್ಕೇ ಮುರಿದಿತ್ತು. ಮದುವೆಯಾಗಿ ಬಂದಾಗಿನಿಂದ ಅವರ ಓದು ಅರ್ಧಕ್ಕೆ ಮುರಿದದ್ದನ್ನು ಆಕೆ ಕೇಳಿದವಳಲ್ಲ. ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಮುಂದಿನ ಕೋಣೆಗೆ ಓಡಿದಳು.

ಮುಂದಿನ ಕೋಣೆಯೇ ಅವರ ಅಂಗಡಿ. ತೊಲೆಯಿಂದ ಹಗ್ಗಕ್ಕೆ ಇಳಿಬಿಟ್ಟ ಆಳೆತ್ತರದ ಬಿಲ್ಲು, ಅದರ ತಂತಿಯನ್ನು ಮೀಟುವ ಮರದ ಗುಂಡು, ಗೋಡೆಗೆ ಒರಗಿಸಿದ ಹಾಸಿಗೆ ಬಡಿಯುವ ಕೋಲುಗಳು. ನೆಲ, ಕಿಟಕಿ, ಗಡಿಯಾರದ ನೆತ್ತಿ ಎಲ್ಲೆಲ್ಲೂ ಅರಳೆಯ ಎಳೆ. ಜನರ ಹಳೇ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿಕೊಡುವುದು ಕಸುಬು. ಕುರಾನು ಇಡಿಯಾಗಿ ಬಾಯಿಪಾಠ ಮಾಡಿದವರನ್ನು ಹಾಫಿಜ್ ಅನ್ನುತ್ತಾರೆ. ಬೀದಿಯಲ್ಲಿ ಎಲ್ಲರೂ ಅವರನ್ನು ಹಾಸಿಗೆ ಹಾಫಿಜರೆಂದೇ ಕರೆಯುತ್ತಿದ್ದರು. ಕಲಿತದ್ದು ಹುಡುಗನಾಗಿದ್ದಾಗ, ಉಳಿಸಿಕೊಂಡದ್ದು ಬಿಲ್ಲಿನ ಜೊತೆ. 'ಢಂವ್' ಎಂದು ತಂತಿ ಮಿಡಿದರೆ ಒಂದು ಮಾತು, ಮತ್ತೆ 'ಢಂವ್' ಎಂದರೆ ಇನ್ನೊಂದು. ಓದದೆ ಬಿಟ್ಟರೆ ಒಂಟೆ ಹಗ್ಗ ಬಿಚ್ಚಿಕೊಂಡು ಹೋದ ಹಾಗೆ ಹೊರಟುಹೋಗುತ್ತದೆ ಎಂದು ಅವರ ಗುರುಗಳು ಹೆದರಿಸಿದ್ದರಂತೆ.

ಹೆಂಡತಿಗೆ ಅದರ ಒಂದಕ್ಷರವೂ ಓದಲು ಬಾರದು. ನಮಾಜಿಗೆ ಬೇಕಾದ ಚಿಕ್ಕಪುಟ್ಟ ಸೂರಾಗಳು ಬಿಟ್ಟರೆ ಅರ್ಥವೂ ಗೊತ್ತಿಲ್ಲ. ಆದರೆ ಇಷ್ಟು ವರ್ಷ ಗೋಡೆಯಾಚೆ ಕೂತು ಕೇಳಿದ ಕಿವಿ ಅದು. ಎಲ್ಲಿ ಉಸಿರು ತೆಗೆಯುತ್ತಾರೆ, ಎಲ್ಲಿ ದನಿ ಏರುತ್ತದೆ, ಎಲ್ಲಿ ಗಂಟಲು ಗದ್ಗದವಾಗುತ್ತದೆ ಎಲ್ಲವೂ ಗೊತ್ತು. ತವರಿನ ಓಣಿಯಲ್ಲಿ ಕಣ್ಣುಮುಚ್ಚಿ ನಡೆದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ಹಾಫಿಜರು ಬಲು ಬಿಗಿ. ಬಾಯಿ ಮುಕ್ಕಳಿಸದೆ ಒಂದು ಸಾಲನ್ನೂ ಹಚ್ಚುತ್ತಿರಲಿಲ್ಲ. ಬಚ್ಚಲ ಕಡೆ ಹೆಜ್ಜೆ ಇಟ್ಟರೆಂದರೆ ತುಟಿಗೆ ಬಂದದ್ದನ್ನು ಕಚ್ಚಿ ಹಿಡಿಯುತ್ತಿದ್ದರು. "ಪಾತ್ರೆ ತೊಳೀದೆ ಊಟ ಬಡಿಸ್ತೀಯಾ? ಇದೂ ಹಾಗೇ" ಅನ್ನುತ್ತಿದ್ದರು. ಅವರ ತಂಗಿ, ಗಂಡ ಸತ್ತ ಮೇಲೆ ಅಣ್ಣನ ಮನೆಗೇ ಬಂದು ನೆಲೆಸಿದ ಬಾಯಿಬಡುಕಿ, ಅದಕ್ಕೂ ಒಂದು ಕೊಕ್ಕೆ ಇಟ್ಟಿದ್ದಳು: "ನಮ್ಮಣ್ಣ ಮುಕ್ಕಳಿಸಿ ಉಗುಳಿದ ನೀರು ಹಿಡಿದಿಟ್ಟಿದ್ರೆ ನಾವಿಷ್ಟೊತ್ತಿಗೆ ತೋಟದ ಒಡೆಯರಾಗಿರ್ತಿದ್ವಿ ಅತ್ತಿಗೆ."

ಆಸ್ಪತ್ರೆಯಿಂದ ಮನೆಗೆ ತಂದಾಗ ಲಕ್ವ ಹೊಡೆದು ಹಾಫಿಜರ ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಹೌದು, ಅಲ್ಲ ಎಂದು ತಲೆಯಾಡಿಸುವುದು ಕೂಡ ಅದಲುಬದಲಾಗಿತ್ತು. "ಗಂಜಿ ಬೇಕಾ?" ಎಂದರೆ ಹೌದು ಎಂದು ತಲೆ ಹಾಕಿ, ಚಮಚ ಬಾಯಿ ಹತ್ತಿರ ತಂದರೆ ಮುಖ ತಿರುಗಿಸುತ್ತಿದ್ದರು. ಎಡಗೈಯಲ್ಲಿ ತೋರಿಸಿ ಅಂದರೆ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಸೋತು ಎದೆಯ ಮೇಲೆ ಬೀಳುತ್ತಿತ್ತು. ಕಣ್ಣು ಮಾತ್ರ ಹಳೆಯದೇ. ಒಳಗಿದ್ದವರು ಅವರೇ, ಆದರೆ ಬಾಗಿಲು ಹೊರಗಿನಿಂದ ಹಾಕಿಬಿಟ್ಟಂತಿತ್ತು.

ಒಂದು ಬೆಳಿಗ್ಗೆ ಆಕೆ ದಿಂಬು ಸರಿಮಾಡುತ್ತ, "ಏನ್ರೀ, ನೀರು ಕೊಡ್ಲಾ?" ಎಂದಳು. ಹಾಫಿಜರು ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. ಆಮೇಲೆ ಬಂದದ್ದು ಕುರಾನಿನ ಸಾಲು. ತೊದಲಿಲ್ಲ, ತಡವರಿಕೆ ಇಲ್ಲ. ಅದೇ ದನಿ, ಅದೇ ಉಸಿರು, ಎಳೆ ಹರಿಯದಂತೆ ಸಾಲಿನ ಹಿಂದೆ ಸಾಲು. ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು ಮಂಚದ ಕಾಲ ಬಳಿ ಕುಸಿದಳು. ನಾದಿನಿ ಬರಿಗಾಲಲ್ಲೇ ಬೀದಿಗೆ ಓಡಿ, "ನಮ್ಮಣ್ಣಂಗೆ ದನಿ ಬಂತು! ಬಂದದ್ದೇ ಕುರಾನಿನಲ್ಲಿ ಬಂತು!" ಎಂದು ಕೂಗಿಟ್ಟಳು. ನಿಮಿಷದಲ್ಲಿ ಅಂಗಡಿಯ ತುಂಬ ಜನ. ಎಲ್ಲರೂ ಅರಳೆಯ ಮೇಲೆಯೇ ಮಂಡಿಯೂರಿ ಕೂತರು. ಕುರಾನು ಓದುವಾಗ ಮಾತಾಡಬಾರದು, ಕಿವಿಗೊಟ್ಟು ಕೇಳಬೇಕು. ಹಾಲುಗಲ್ಲದ ಮಗುವಿಗೂ ಕಲಿಸುವ ಮೊದಲ ಮರ್ಯಾದೆ ಅದು. ಒಬ್ಬರೂ ಕೆಮ್ಮಲಿಲ್ಲ.

ಡಾಕ್ಟರು ಮಾತ್ರ ಪವಾಡವೆಂದು ಒಪ್ಪಲಿಲ್ಲ. ವಯಸ್ಸಾದ, ಸಮಾಧಾನದ ಮನುಷ್ಯ. "ಅಮ್ಮಾ, ಮಾತು ಹುಟ್ಟೋ ಮನೆ ಒಂದು, ಬಾಯಿಪಾಠ ಇರೋ ಮನೆ ಇನ್ನೊಂದು. ಮೊದಲನೇ ಮನೆಗೆ ಬೆಂಕಿ ಬಿದ್ದಿದೆ. ಅವರು ನೀರು ಬೇಕು ಅನ್ನೋಕೆ ಹೊರಟ್ರೂ ಬಾಯಿಗೆ ಬರೋದು ಉಳಿದ ಮನೆ ಸಾಮಾನೇ. ಅವರು ಆರಿಸಿ ತೆಗೀತಿಲ್ಲ, ತಾನಾಗಿ ಉರುಳಿಕೊಂಡು ಬರುತ್ತೆ."

"ಅಂದ್ರೆ ಅವರು ಓದ್ತಾ ಇಲ್ವಾ?"

"ಓದ್ತಾ ಇರಬಹುದು. ನಿಮ್ಮನ್ನ ಕರೀತಾ ಇರಬಹುದು. ಹೊರಗಿಂದ ನಂಗೆ ಹೇಳೋಕಾಗಲ್ಲ."

ಆ ಮಾತು ಆಕೆಯ ತಲೆಗೆ ಹೋಯಿತೇ ಹೊರತು ಎದೆಗೆ ಇಳಿಯಲಿಲ್ಲ. ಇಳಿಯಲು ಒಂದು ಸುಟ್ಟಗಾಯ ಬೇಕಾಯಿತು.

ಚಳಿಗೆ ಕಾಲು ಮರಗಟ್ಟುತ್ತದೆಂದು ನಾದಿನಿ ಬಿಸಿನೀರಿನ ರಬ್ಬರ್ ಚೀಲವನ್ನು ಹೊದಿಕೆಯೊಳಗೆ ಇಟ್ಟಿದ್ದಳು. ಅದು ಸರಿದು ಬಲಗಾಲಿಗೆ, ಅಲುಗದಿದ್ದರೂ ನೋವು ತಿಳಿಯುವ ಕಾಲಿಗೆ, ಒತ್ತಿಕೊಂಡಿತು. ಹಾಫಿಜರು ಓದತೊಡಗಿದರು. ಅಕ್ಕಪಕ್ಕದ ಹೆಂಗಸರು ನಾಲ್ಕು ಜನ ಅಲ್ಲೇ ಇದ್ದರು. ಮಾತು ನಿಲ್ಲಿಸಿ, ತಲೆ ಮುಚ್ಚಿಕೊಂಡು, ಕಣ್ಣು ಕೆಳಗೆ ಹಾಕಿ ಕೂತರು. ದನಿ ಏರಿತು. ಇಸ್ತ್ರಿ ಅಂಗಡಿಯವಳು ಬಿಕ್ಕಿಬಿಕ್ಕಿ ಅತ್ತಳು. ಇನ್ನೂ ಏರಿತು, ಅಂಥ ಓದನ್ನು ಯಾರೂ ಕೇಳಿರಲಿಲ್ಲ, ಮೈ ಜುಮ್ಮೆನ್ನುವಂಥದು. ಹೆಂಡತಿಯೂ ಎಲ್ಲರ ಹಾಗೆಯೇ ಕೈಕಟ್ಟಿ ಕೂತಿದ್ದಳು. ದನಿ ಒಡೆದು ನಿಂತ ಮೇಲೆ ಎಲ್ಲರೂ ಮುಖ ಒರೆಸಿಕೊಂಡು, ಇಂಥ ಮನೆಯ ಗೋಡೆಯೂ ಪುಣ್ಯ ಮಾಡಿದೆ ಎಂದು ಹೇಳಿ ಎದ್ದುಹೋದರು. ಹೊದಿಕೆ ತೆಗೆದಾಗ ಮೀನಖಂಡದ ಮೇಲೆ ಅಂಗೈಯಗಲ ಬೊಕ್ಕೆ ಎದ್ದಿತ್ತು.

ನಾದಿನಿ ತಲೆ ಚಚ್ಚಿಕೊಂಡಳು. "ನನ್ನ ಕೈಗೆ ಹುಳ ಬೀಳ! ನಾನೇ ಇಟ್ಟೆ, ನಾನೇ ಕೂತು ಅತ್ತೆ!"

"ನೀನೊಬ್ಬಳೇ ಅತ್ತದ್ದಾ?" ಎಂದಳು ಹೆಂಡತಿ.

ಅಂದಿನಿಂದ ಹಾಫಿಜರು ಬಾಯಿ ತೆರೆದಾಗೆಲ್ಲ ಆಕೆ ಎದ್ದು ನಿಲ್ಲುವಳು. ಬೇರೆಯವರು ಕೂರುತ್ತಿದ್ದರು, ಆಕೆ ಹೊದಿಕೆ ಎತ್ತಿ ನೋಡುವಳು, ಹಾಸಿಗೆ ಒದ್ದೆಯೇ ಎಂದು ಕೈಯಿಟ್ಟು ನೋಡುವಳು, ಬೆನ್ನಡಿ ಸುಕ್ಕು ಬಿದ್ದಿದೆಯೇ ಎಂದು ಸವರುವಳು. ಬಂದವರಿಗೆ ಅದು ಅಪಚಾರವಾಗಿ ಕಂಡಿತು. ಒಬ್ಬಾಕೆ ಸೆರಗು ಜಗ್ಗಿ, "ಕೂತ್ಕೊಳ್ಳಮ್ಮಾ, ಓದ್ತಾ ಇದ್ದಾರೆ" ಎಂದು ಪಿಸುಗುಟ್ಟಿದಳು. "ಅವರು ಓದ್ತಾ ಇದ್ದಾರೋ ನನ್ನ ಕೂಗ್ತಾ ಇದ್ದಾರೋ ನಿಂಗೇನು ಗೊತ್ತು?" ಎಂದು ಈಕೆ ಸಿಡುಕಿದಳು. ಬೀದಿಯಲ್ಲಿ ಮಾತು ಹುಟ್ಟಿತು: ಗಂಡನ ಸೇವೆ ಮಾಡಿ ಮಾಡಿ ಪಾಪ, ತಲೆ ಸ್ವಲ್ಪ ಸಡಿಲವಾಗಿದೆ.

ಅರ್ಥ ತಿಳಿದರೆ ಗಂಡನ ಮನಸ್ಸು ತಿಳಿದೀತು ಎಂದು ಆಕೆಗೆ ಆಸೆ. ಬೀದಿಯ ತಿರುವಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದವನೂ ಹಾಫಿಜನೇ. ಇಬ್ಬರೂ ಒಂದೇ ಗುರುಗಳ ಬೆತ್ತ ತಿಂದವರು. ಉಪವಾಸದ ತಿಂಗಳ ದೀರ್ಘ ನಮಾಜಿನಲ್ಲಿ ಹಾಸಿಗೆ ಹಾಫಿಜರು ಮುಂದೆ ನಿಂತು ಓದಿದರೆ, ಬೀಗದವನು ಹಿಂದೆ ನಿಂತು ಕಿವಿಗೊಟ್ಟು, ಎಲ್ಲಾದರೂ ತಪ್ಪಿದರೆ ಮುಂದಿನ ಮಾತು ಎತ್ತಿಕೊಡಬೇಕು. ಅದು ಆ ನಮಾಜಿನ ಪದ್ಧತಿ. "ನಿನ್ನ ಹಿಂದೆ ನಿಂತು ನಿಂತು ನನ್ನ ಬಾಯಿಗೆ ಕೆಲಸವೇ ಇಲ್ಲ, ಒಂದಾದರೂ ತಪ್ಪು ಮಾಡಯ್ಯ" ಎಂದು ಅವನು ಪ್ರತಿ ವರ್ಷ ಗೊಣಗುತ್ತಿದ್ದ. ಈಗ ಆಕೆ ಅವನನ್ನೇ ಕರೆಸಿ ಮಂಚದ ಬಳಿ ಕೂರಿಸಿದಳು.

"ಈಗ ಓದಿದ್ದು ಏನಣ್ಣಾ?"

"ಅದು... ದೋಣಿ, ಪ್ರಳಯ. ನೂಹ್ ಪ್ರವಾದಿಗಳ ಕಥೆ."

"ಹಾಗಾದ್ರೆ ನೀರು ಕೇಳ್ತಿರಬೇಕು." ನೀರು ತಂದಳು. ಹಾಫಿಜರು ಕುಡಿಯಲಿಲ್ಲ.

ಮರುದಿನ ಹಸುವಿನ ಮಾತು ಬಂತೆಂದು ಅವನು ಹೇಳಿದ. ಹಾಲು ಕಾಯಿಸಿ ತಂದಳು. ಬಾಯಿಗೆ ಹಿಡಿದರೆ ಹಲ್ಲು ಕಚ್ಚಿದರು, ಹಾಲು ಗಡ್ಡದ ಮೇಲೆ ಹರಿಯಿತು. ಬಾಗಿಲಲ್ಲಿ ನಿಂತ ನಾದಿನಿ, "ನಾಳೆ ಆನೆ ವಿಷಯ ಬಂದ್ರೆ ಏನ್ ಮಾಡ್ತೀಯ ಅತ್ತಿಗೆ? ಎಲ್ಲಿಂದ ತರ್ತೀಯ?" ಎಂದಳು. ಬೀಗದವನಿಗೆ ನಗು ತಡೆಯಲಿಲ್ಲ. ಹೆಂಡತಿಯೂ ನಕ್ಕಳು. ನಗುತ್ತಲೇ ನೋಡಿದರೆ ಹಾಫಿಜರ ಕಣ್ಣಂಚಿನಿಂದ ನೀರಿಳಿದು ಕಿವಿಯೊಳಗೆ ಹೋಗುತ್ತಿತ್ತು. ಆಕೆ ಸೆರಗಿನ ತುದಿಯಿಂದ ಕಿವಿ ಒರೆಸಿದಳು. ಅರ್ಥ ಕೇಳುವುದನ್ನು ಅಂದೇ ಬಿಟ್ಟಳು.

ಬಿಟ್ಟ ಮೇಲೆ ಕಿವಿಯೇ ಕೆಲಸಕ್ಕೆ ಬಂತು. ಹಸಿವಾದರೆ ಉಸಿರು ಸಾಲಿನ ಮಧ್ಯೆ ಬೀಳುತ್ತಿತ್ತು. ನೋವಾದರೆ ದನಿ ಏರುತ್ತಿತ್ತು. ಮೂತ್ರಕ್ಕೆ ಅವಸರವಾದರೆ ಓದು ಓಟಕ್ಕೆ ಬಿದ್ದು, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಮುಗ್ಗರಿಸುತ್ತಿತ್ತು. ಯಾವಾಗಲೂ ಹೀಗೇ ಎಂದಲ್ಲ. ಎಷ್ಟೋ ಸಲ ತಪ್ಪಿದಳು. ಆದರೂ ಕಗ್ಗತ್ತಲಲ್ಲಿ ಗೋಡೆ ಸಿಕ್ಕಂತಾಗಿತ್ತು.

ಆಗಲೇ ಹಾಫಿಜರು ಬಾಯಿ ಮುಚ್ಚಲು ತೊಡಗಿದರು.

ಮೊದಮೊದಲು ಆಕೆಗೆ ತಿಳಿಯಲಿಲ್ಲ. ಬೆಳಿಗ್ಗೆ ಮೈ ಒರೆಸಿ ಬಟ್ಟೆ ಬದಲಿಸಿದ ಮೇಲೆ ನೆಮ್ಮದಿಯಾಗಿ ಬಾಯಿ ತೆರೆಯುತ್ತಿದ್ದವರು, ಆಮೇಲೆ ದಿನವಿಡೀ ತುಟಿ ಕಚ್ಚಿಕೊಂಡಿರುತ್ತಿದ್ದರು. ಹಾಸಿಗೆ ಒದ್ದೆಯಾದರೂ ಸದ್ದಿಲ್ಲ. ಕೆಳತುಟಿಯಲ್ಲಿ ಹಲ್ಲಿನ ಗುರುತು ಮೂಡಿ ರಕ್ತ ಕಂಡಾಗ ಆಕೆಗೆ ಹೊಳೆಯಿತು. ಶುದ್ಧವಿಲ್ಲದ ಮೈಯಲ್ಲಿ ಓದು ಹೊರಗೆ ಬರಬಾರದೆಂದು ತಡೆಹಿಡಿಯುತ್ತಿದ್ದಾರೆ. ಸಹಾಯಕ್ಕೆ ಕೂಗಲು ಬಾಯಿ ತೆರೆದರೆ ಬರುವುದು ಕುರಾನು. ಆ ಸ್ಥಿತಿಯಲ್ಲಿ ಅದನ್ನು ಉಚ್ಚರಿಸುವುದಕ್ಕಿಂತ ಹೇಸಿಗೆಯಲ್ಲಿ ಮಲಗಿರುವುದು ಅವರಿಗೆ ಮೇಲಾಗಿತ್ತು. ಇಷ್ಟು ವರ್ಷ ಬಚ್ಚಲ ಬಾಗಿಲಲ್ಲಿ ಕಚ್ಚಿ ಹಿಡಿದ ತುಟಿ, ಈಗ ದಿನವೆಲ್ಲ ಬಚ್ಚಲೇ ಆದಾಗ ಎಲ್ಲಿಗೆ ಹೋದೀತು?

ಆಕೆ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ಓದಿ, ಪರವಾಗಿಲ್ಲ. ಮೇಲಿನವನಿಗೆ ನಿಮ್ಮ ಕಷ್ಟ ಗೊತ್ತಿಲ್ವಾ? ನಂಗೆ ಮಾತ್ರ ಗೊತ್ತಾಗಲ್ಲ ಕಣ್ರೀ. ನಂಗೋಸ್ಕರ ಓದಿ." ಹಾಫಿಜರು ಆಕೆಯನ್ನೇ ನೋಡಿದರು. ತುಟಿ ಬಿಡಲಿಲ್ಲ. ಸೊಂಟದ ಹಿಂದೆ ಚರ್ಮ ಕೆಂಪಾಗಿ, ಆಮೇಲೆ ಒಡೆದು ಹುಣ್ಣಾಯಿತು.

ಹೇಗೋ ಒಂದು ದಾರಿ ಬಿತ್ತು. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಆಕೆ ಅವರನ್ನು ಚೊಕ್ಕಟವಾಗಿ ತೊಳೆದು, ಹೊಸ ಬಟ್ಟೆ ಹಾಸಿ, ತಾನೇ ಅವರ ಕೈ, ಬಾಯಿ, ಮುಖ, ಪಾದಗಳಿಗೆ ನೀರು ಮುಟ್ಟಿಸಿ ವುಜೂ ಎಂಬ ಶುದ್ಧಿ ಮಾಡಿಸುವಳು. ಆಗ ತುಟಿ ಬಿಡುತ್ತಿತ್ತು. ಒಂದಷ್ಟು ಹೊತ್ತು ಓದು ಹರಿಯುತ್ತಿತ್ತು; ಅದರಲ್ಲಿ ಕೂಗು ಇರಲಿಲ್ಲ. ಮೈ ಹಗುರಾದವನ ಓದು. ಮುಗಿಯುವ ಮೊದಲೇ, ಮೈಯೊಳಗೆ ಏನೋ ಸಡಿಲವಾಗುತ್ತಿದೆ ಅನ್ನಿಸಿದ ಕೂಡಲೇ, ಅವರಾಗಿಯೇ ಬಾಯಿ ಮುಚ್ಚಿಬಿಡುತ್ತಿದ್ದರು. ಆ ಹೊತ್ತಿಗೆಂದೇ ಬೀದಿಯ ಜನ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ತರಕಾರಿ ಗಾಡಿಯವನು ಗಾಡಿ ನಿಲ್ಲಿಸುತ್ತಿದ್ದ. ಇಸ್ತ್ರಿಯವಳು ಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಬರುತ್ತಿದ್ದಳು.

ಮಸೀದಿಯ ಕಾರ್ಯದರ್ಶಿ ಬಂದದ್ದು ಇದನ್ನು ಕೇಳಿಯೇ. ಒಳ್ಳೆಯ ಮನುಷ್ಯ, ಎಲ್ಲರ ಕಷ್ಟಕ್ಕೆ ಮೊದಲು ಓಡುವವನು. ಆದರೆ ಮನಸ್ಸಿಗೆ ಒಂದು ಬಂತೆಂದರೆ ಮುಗಿಯಿತು.

"ಶುಕ್ರವಾರ ನಮಾಜು ಮುಗಿದ ಮೇಲೆ ಒಂದರ್ಧ ಗಂಟೆ ಅಷ್ಟೇ ಅಕ್ಕಾ. ಕುರ್ಚಿಯಲ್ಲಿ ಹೊತ್ಕೊಂಡು ಹೋಗ್ತೀವಿ, ಹೂವಿನ ಹಾಗೆ ತಂದು ಬಿಡ್ತೀವಿ. ದೂರದೂರಿಂದ ಕೇಳ್ತಾ ಇದ್ದಾರೆ ಜನ. ಇಷ್ಟು ವರ್ಷ ಅವರ ಹಿಂದೆ ನಿಂತು ನಮಾಜು ಮಾಡಿದ್ದೀವಿ, ನಮಗೂ ಆಸೆ ಇರಲ್ವಾ?"

"ಅವರಿಗೆ ಕೂರೋಕಾಗಲ್ಲಪ್ಪಾ. ಮೈ ಅವರ ಸ್ವಾಧೀನದಲ್ಲಿಲ್ಲ." ಇದಕ್ಕಿಂತ ಬಿಡಿಸಿ ಪರಗಂಡಸಿನ ಮುಂದೆ ಹೇಗೆ ಹೇಳುವುದು?

"ದಿಂಬು ಕೊಟ್ಟು ಕೂರಿಸ್ತೀವಿ."

"ದಿಂಬಿನ ಮಾತಲ್ಲ..."

ಬೀಗದವನು ಮೂಲೆಯಲ್ಲಿ ನಿಂತು ತನ್ನ ಬೆರಳಿನ ಎಣ್ಣೆಮಸಿ ಉಜ್ಜಿಕೊಳ್ಳುತ್ತಿದ್ದ. "ಕರ್ಕೊಂಡು ಹೋಗೋಣಮ್ಮಾ," ಎಂದ ತಲೆಯೆತ್ತದೆ. "ಇನ್ನೊಂದು ಸಲ ಅವನ ಹಿಂದೆ ಕೂತು ಕೇಳ್ತೀನಿ. ಮುಂದೆ ಆಗುತ್ತೋ ಇಲ್ವೋ." ನಾದಿನಿಯೂ ಅದಕ್ಕೇ ಒತ್ತು ಕೊಟ್ಟಳು: "ತೊಲೆ ಎಣಿಸಿ ಎಣಿಸಿ ನಮ್ಮಣ್ಣಂಗೆ ಬಡಗಿ ವಿದ್ಯೆ ಬಂದಿರುತ್ತೆ. ಒಂದು ದಿನ ಆಕಾಶ ನೋಡ್ಲಿ ಬಿಡು."

ಆಕೆ ಗಂಡನ ಕಡೆ ತಿರುಗಿದಳು. "ಏನ್ರೀ, ಮಸೀದಿಗೆ ಹೋಗ್ತೀರಾ? ನಿಜವಾಗ್ಲೂ ಮನಸ್ಸಿದೆಯಾ?"

ಹಾಫಿಜರು ಹೌದೆಂದು ತಲೆ ಹಾಕಿದರು. ಕಾರ್ಯದರ್ಶಿಯ ಮುಖ ಅರಳಿತು. ಆಕೆ ಮತ್ತೆ ಕೇಳಿದಳು: "ಬೇಡ್ವಾ? ಮನೇಲೇ ಇರ್ತೀರಾ?" ಅದಕ್ಕೂ ಹೌದೆಂದೇ ತಲೆ ಹಾಕಿದರು. ಆದರೆ ಅಷ್ಟರಲ್ಲಿ ಕಾರ್ಯದರ್ಶಿ ಹೊರಗೆ ಹೋಗಿ ಕುರ್ಚಿಯ ಮಾತು ಶುರುಮಾಡಿದ್ದ. ಅತ್ತ ದರಿ, ಇತ್ತ ಪುಲಿ. ಅವರಿಗೆ ಮನಸ್ಸಿದ್ದು ತಾನು ತಡೆದರೆ ಆ ಪಾಪ ಯಾವ ನೀರಿನಲ್ಲಿ ತೊಳೆಯುವುದು? ಮನಸ್ಸಿಲ್ಲದೆ ಕಳಿಸಿದರೆ? ಕೇಳಿ ತಿಳಿಯುವ ಹಾಗಿದ್ದರೆ ಇದೊಂದು ಮಾತನ್ನಾದರೂ ಕೇಳಿ ತಿಳಿಯುತ್ತಿದ್ದಳು.

ಶುಕ್ರವಾರ ಬೆಳಗಿನಿಂದ ಅವರಿಗೆ ನೀರೂ ಕಮ್ಮಿ ಕೊಟ್ಟಳು. ಎರಡೆರಡು ಸಲ ತೊಳೆದಳು. ಹಳೇ ಗವಸಿನ ಬಟ್ಟೆಯನ್ನು ಮಡಿಸಿ ಮಡಿಸಿ ದಪ್ಪ ಮಾಡಿ ಒಳಗೆ ಕಟ್ಟಿ, ಮೇಲೆ ಬಿಳಿಯ ಉಡುಪು ತೊಡಿಸಿದಳು. ಗಡ್ಡ ಬಾಚಿದಳು. ಬೀಗದವನೂ ಇನ್ನೂ ಮೂವರೂ ಕುರ್ಚಿ ಎತ್ತಿದಾಗ ಹಾಫಿಜರ ಕತ್ತು ಅತ್ತಿತ್ತ ವಾಲುತ್ತಿತ್ತು. ಬೀದಿಯ ಎರಡೂ ಕಡೆ ಜನ ಎದ್ದು ನಿಂತು ಸಲಾಮು ಹೇಳುತ್ತಿದ್ದರು. ಅವರ ಬಾಯಿಯ ಒಂದು ಕೊನೆ ಮೇಲಕ್ಕೆ ಹೋಗಿತ್ತು. ನಗುತ್ತಿದ್ದರೋ ಹೆದರಿದ್ದರೋ, ಸೊಟ್ಟಗಾದ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ.

ಮಸೀದಿ ಚಿಕ್ಕದು. ಗಂಡಸರ ಸಾಲುಗಳ ಪಕ್ಕದಲ್ಲೇ ಹೆಂಗಸರ ಕೋಣೆ, ನಡುವೆ ಒಂದು ಬಾಗಿಲು, ಬಾಗಿಲಿಗೆ ಹಸಿರು ಪರದೆ. ಪರದೆಯ ಅಂಚಿನಲ್ಲಿ ನಾದಿನಿಯ ಜೊತೆ ಆಕೆ ಕೂತಳು. ಅಲ್ಲಿಂದ ಕುರ್ಚಿಯೂ ಗಂಡನ ಎಡಮಗ್ಗುಲೂ ಕಾಣುತ್ತಿದ್ದವು. ಕುರ್ಚಿಯ ಹಿಂದೆ ನೆಲದ ಮೇಲೆ ಬೀಗದವನು ಕಣ್ಣುಮುಚ್ಚಿ ಕೂತಿದ್ದ.

ಕಾರ್ಯದರ್ಶಿ ನಯವಾಗಿ, "ಹಾಫಿಜರೇ, ಹೇಗಿದ್ದೀರಿ?" ಎಂದ. ಉತ್ತರ ಕೊಡಲು ಹಾಫಿಜರು ಬಾಯಿ ತೆರೆದರು. ಓದು ಹೊರಟಿತು.

ಕಲ್ಲಿನ ಗೋಡೆಗಳ ನಡುವೆ ಆ ದನಿ ಎರಡು ಪಟ್ಟಾಗಿ ಬಂತು. ಮನೆಯಲ್ಲಿ ಅರಳೆ ಅದನ್ನು ನುಂಗುತ್ತಿತ್ತು, ಇಲ್ಲಿ ನುಂಗುವವರಿಲ್ಲ. ಸಾಲು ಸಾಲು ತಲೆಗಳು ತಗ್ಗಿದವು. ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತವರೂ ಅಲ್ಲಾಡಲಿಲ್ಲ. ಆಕೆಗೂ ಎಷ್ಟೋ ತಿಂಗಳ ಮೇಲೆ ಮೈಯ ಗಂಟು ಸಡಿಲವಾಯಿತು. ಹೊದಿಕೆ ಎತ್ತಿ ನೋಡುವುದಿಲ್ಲ, ಸವರಿ ನೋಡುವುದಿಲ್ಲ. ಒಂದು ಗಳಿಗೆ ಬರೀ ಕೇಳುತ್ತಾ ಕೂತಳು. ಗಂಡನ ದನಿ ಎಷ್ಟು ಚೆಂದವಿತ್ತು ಎಂಬುದನ್ನೇ ಮರೆತಿದ್ದಳು. ಕಣ್ಣು ತಾನಾಗಿ ಮುಚ್ಚಿತು.

ತೆರೆದದ್ದು ಒಂದು ಸಾಲು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಮುಗ್ಗರಿಸಿದಾಗ. ಇನ್ನೊಂದು ಸಾಲು, ಅದೂ ಹಾಗೆಯೇ. ಓದು ಓಟಕ್ಕೆ ಬಿದ್ದಿತ್ತು. ಪರದೆ ಸರಿಸಿ ನೋಡಿದಳು. ಹಾಫಿಜರ ಎಡಗೈ ಕುರ್ಚಿಯ ತೋಳನ್ನು ಬೆರಳು ಬಿಳಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿತ್ತು. ತುಟಿ ಮುಚ್ಚಲು ನೋಡುತ್ತಿದ್ದರು. ಮುಚ್ಚಿದರೆ ಒಳಗಿನಿಂದ ಮುಂದಿನ ಮಾತು ತಳ್ಳಿ ತೆರೆಯುತ್ತಿತ್ತು. ಮನೆಯಲ್ಲಿ ನಿಲ್ಲಿಸಲು ಆಗುತ್ತಿದ್ದದ್ದು, ಇಷ್ಟು ಜನರ ಕಿವಿಗಳ ಮುಂದೆ, ಇಷ್ಟು ವರ್ಷ ನಿಂತು ಓದಿದ ಜಾಗದಲ್ಲಿ, ಆಗದೇ ಹೋಯಿತು. ಕಣ್ಣು ಪರದೆಯನ್ನು ಹುಡುಕುತ್ತಿತ್ತು.

"ಯಾರಾದ್ರೂ ನೋಡ್ರೋ," ಎಂದಳು ಬಾಯೊಳಗೆ. ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ನೆಲದ ಮೇಲೆ. ಮುಂದಿನ ಸಾಲಿನ ಮುದುಕರ ಭುಜ ಅಳುವಿನಿಂದ ಕುಲುಕುತ್ತಿತ್ತು. ಬೀಗದವನ ಕೆನ್ನೆಯೂ ಒದ್ದೆ.

ಆಕೆ ಎದ್ದಳು. ನಾದಿನಿ, "ಅತ್ತಿಗೆ, ಗಂಡಸರು..." ಎಂದು ಸೆರಗು ಹಿಡಿದಳು. ಆಕೆ ಸೆರಗನ್ನು ಅವಳ ಕೈಯಿಂದ ಎಳೆದುಕೊಂಡು ನಡೆದಳು. ಕೂತವರ ಮಂಡಿಗಳ ನಡುವೆ ಹೆಜ್ಜೆ ಹಾಕಿ, ಕುರ್ಚಿಯ ಮುಂದೆ ನಿಂತು, ಗಂಡನ ಬಾಯಿಯ ಮೇಲೆ ತನ್ನ ಅಂಗೈಯನ್ನು ಒತ್ತಿ ಇಟ್ಟಳು.

ಅಂಗೈಯ ಕೆಳಗೆ ತುಟಿ ಇನ್ನೂ ಒಂದೆರಡು ಮಾತು ಆಡಿತು. ಬಿಸಿಯಾಗಿ, ಸದ್ದಿಲ್ಲದೆ. ಆಮೇಲೆ ನಿಂತಿತು.

ಎಲ್ಲರ ತಲೆಯೂ ಒಟ್ಟಿಗೆ ಮೇಲೆದ್ದಿತು.

"ಏನಮ್ಮಾ ಇದು!" ಕಾರ್ಯದರ್ಶಿ ಎದ್ದು ನಿಂತ. "ಓದ್ತಾ ಇರೋ ಬಾಯಿ ಮುಚ್ಚೋದಾ? ಕುರಾನು ಅದು!"

"ಮೈಮೇಲೆ ಪ್ರಜ್ಞೆ ಇದೆಯಾ ಈಕೆಗೆ?" ಎಂದು ಯಾರೋ ಹಿಂದಿನಿಂದ.

ಆಕೆ ಕೆಳಗೆ ನೋಡಿದಳು. ತಡವಾಗಿತ್ತು. ಬಿಳಿಯ ಉಡುಪಿನ ಮೇಲೆ ಒದ್ದೆ ಹರಡಿ, ಕುರ್ಚಿಯ ಕಾಲಿನ ಗುಂಟ ಸಣ್ಣಗೆ ಇಳಿಯುತ್ತಿತ್ತು. ಆಕೆ ಇನ್ನೊಂದು ಹೆಜ್ಜೆ ಮುಂದೆ ಬಂದು, ಸೆರಗನ್ನು ಎರಡೂ ಕೈಗಳಿಂದ ಅಗಲಿಸಿ ಗಂಡನಿಗೂ ಜನಕ್ಕೂ ನಡುವೆ ನಿಂತಳು. ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ತನ್ನದು. ಹೇಳಲಿಲ್ಲ.

"ಸಾಕು," ಎಂದಳು. "ಓದಿದ್ದು ಸಾಕು. ನಂಗೆ ಸಾಕಾಗಿದೆ. ಎಲ್ಲರೂ ಮನೆಗೆ ಹೋಗಿ."

ಬೀಗದವನು ಹಿಂದೆ ಕೂತಿದ್ದರಿಂದ ಅವನಿಗೆ ನೆಲ ಕಂಡಿತು. ಅವನು ತನ್ನ ಶಾಲನ್ನು ತೆಗೆದು ಹಾಫಿಜರ ಮಡಿಲ ಮೇಲೆ ಹೊದಿಸಿ, ಕುರ್ಚಿಯ ಅಡಿಗೆ ತನ್ನ ಕರವಸ್ತ್ರ ಎಸೆದು, ಕಾಲಿಟ್ಟು ನಿಂತ. ಜನ ಗೊಣಗುತ್ತ ಕರಗಿದ ಮೇಲೆ ಅವನೇ ಬಕೆಟು ತಂದು ನೆಲ ತೊಳೆದ. ಆಕೆ ಅವನಿಗೆ ಕೈಮುಗಿದಳು. "ಯಾರಿಗೂ ಬೇಡಣ್ಣ." "ಸತ್ರೂ ಇಲ್ಲ," ಎಂದ.

ಬೀಗದವನು ಮಾತು ಉಳಿಸಿಕೊಂಡ. ಆದ್ದರಿಂದ ಬೀದಿಯ ಮಾತೂ ಉಳಿಯಿತು. ಕುರಾನು ಓದುವ ಬಾಯಿಯನ್ನು ಮುಚ್ಚಿದವಳು; ಅದಕ್ಕೇ ನೋಡಿ, ಆವತ್ತಿನಿಂದ ಆ ಬಾಯಿ ತೆರೆಯಲೇ ಇಲ್ಲ. ತರಕಾರಿ ಗಾಡಿಯವನು ಕಿಟಕಿಯ ಬಳಿ ನಿಲ್ಲದೆ ಹೋಗುತ್ತಿದ್ದ. ಇಸ್ತ್ರಿಯವಳು ಗವಸಿಗೆ ಬಟ್ಟೆ ತಂದುಕೊಡುವುದನ್ನು ನಿಲ್ಲಿಸಿದಳು. ನಾದಿನಿ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಬನ್ರೇ, ನಿಮ್ಮ ನಿಮ್ಮ ಗಂಡಂದಿರ ಬಾಯನ್ನೂ ಮುಚ್ಚಿಕೊಡ್ತಾಳೆ ನಮ್ಮತ್ತಿಗೆ, ಆಗ ಹರಸ್ತೀರ!" ಎಂದು ಕೂಗಿ ಬೀದಿಗೆಲ್ಲ ಕೇಳಿಸಿ, ಒಳಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಅಳುತ್ತಿದ್ದಳು. ಅವಳಿಗೂ ನಿಜ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ ಅವಳಾಗಿಯೇ ತಿಳಿದುಕೊಂಡಿದ್ದಳು.

ಬೀದಿಯವರು ಹೇಳಿದ್ದರಲ್ಲಿ ಒಂದು ಸುಳ್ಳಲ್ಲ. ಹಾಫಿಜರು ಬಾಯಿ ತೆರೆಯಲಿಲ್ಲ. ತೊಳೆದು, ವುಜೂ ಮಾಡಿಸಿ, ಬಿಸಿಲಿಗೆ ಮುಖ ತಿರುಗಿಸಿದರೂ ಇಲ್ಲ. ಚಮಚ ತುಟಿಗೆ ತಾಗಿದರೆ ಮಾತ್ರ ಒಂದಿಷ್ಟು ಬಿಡುತ್ತಿದ್ದರು. ಬೀಗದವನು ಬಂದು ಕೂತು, ಒಂದು ಸಾಲು ಹಚ್ಚಿ, ಬೇಕೆಂದೇ ತಪ್ಪಾಗಿ ಓದಿ ಕಾಯುತ್ತಿದ್ದ. ಬೇರೆಯವರ ತಪ್ಪು ಕೇಳಿ ಸುಮ್ಮನಿರುವ ಜೀವವಲ್ಲ ಅದು. ಹಾಫಿಜರ ಹುಬ್ಬು ಗಂಟಾಗುತ್ತಿತ್ತು, ಅಷ್ಟೇ. ಅವನು ತಲೆ ತಗ್ಗಿಸಿ ತಾನೇ ತಿದ್ದಿಕೊಂಡು, "ನಾಳೆ ಬರ್ತೀನಿ ಕಣೋ" ಎಂದು ಹೋಗುತ್ತಿದ್ದ.

ಆಕೆಗೆ ಈಗ ಯಾವ ಗೋಡೆಯೂ ಕೈಗೆ ಸಿಗುತ್ತಿರಲಿಲ್ಲ. "ತಡ ಮಾಡಿದೆ ಅಂತ ಸಿಟ್ಟಾ?" ಎಂದು ಕೇಳಿದಳು ಒಂದು ದಿನ ಹುಣ್ಣಿಗೆ ಮುಲಾಮು ಹಚ್ಚುತ್ತ. "ಬಾಯಿ ಮುಚ್ಚಿದೆ ಅಂತಾನಾ? ಎಲ್ಲರ ಮುಂದೆ ಹಾಗೆ ಮಾಡಬಾರದಿತ್ತಾ? ಏನು ಮಾಡಬೇಕಿತ್ತು ಹೇಳಿ." ಅವರು ಗೋಡೆಯ ಕಡೆ ನೋಡುತ್ತಿದ್ದರು.

ಗವಸು ಹೊಲಿಯುವ ಕೆಲಸವನ್ನು ಆಕೆ ಮಂಚದ ಪಕ್ಕಕ್ಕೇ ತಂದುಕೊಂಡಳು. ಒಂದು ಮಧ್ಯಾಹ್ನ ದಾರ ಕಚ್ಚಿ ತುಂಡರಿಸಿ ತಲೆಯೆತ್ತಿದಾಗ, ಗಂಡನ ಗಂಟಲ ಗುಬುಟು ಗಡ್ಡದಡಿ ಮೇಲೆ ಕೆಳಗೆ ಆಡುತ್ತಿರುವುದು ಕಂಡಿತು. ತುಟಿ ಬಿಗಿಯಾಗಿ ಮುಚ್ಚಿತ್ತು. ಒಳಗೆ ನಾಲಿಗೆ ನಡೆಯುತ್ತಿತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಹತ್ತಿರ ಸರಿದು, ಎರಡು ಬೆರಳನ್ನು ಅವರ ಗಂಟಲ ಮೇಲೆ ಇಟ್ಟಳು. ಆಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಆಡುತ್ತಿತ್ತು. ಕಿವಿಯನ್ನು ಗಂಟಲಿಗೇ ಹಚ್ಚಿದಳು. ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಯಾರಿಗೂ ಕೇಳಿಸದ ಹಾಗೆ ಒಳಗೊಳಗೇ ಓದುತ್ತಿದ್ದಾರೋ, ಗಂಟಲು ಒಣಗಿದೆಯೋ, ಯಾವ ನೋವನ್ನೋ ಹೇಳಲು ಹೋಗಿ ಅಲ್ಲೇ ನುಂಗುತ್ತಿದ್ದಾರೋ. ಬಹಳ ಹೊತ್ತು ಹಾಗೇ ಕಿವಿಯಿಟ್ಟು ಬಾಗಿದ್ದಳು. ಬೆನ್ನು ನೋಯತೊಡಗಿದ ಮೇಲೆ ಎದ್ದು, ಹೊದಿಕೆ ಎತ್ತಿ ನೋಡಿದಳು, ಒಣಗಿತ್ತು. ಕಾಲು ನೋಡಿದಳು, ಬೆನ್ನ ಕೆಳಗೆ ಕೈಯಾಡಿಸಿದಳು. ಏನೂ ಸಿಗಲಿಲ್ಲ. ನೀರು ತಂದು ಚಮಚದಲ್ಲಿ ಹಿಡಿದಳು. ಹಾಫಿಜರು ಒಂದು ಗುಟುಕು ತೆಗೆದುಕೊಂಡರು, ಇನ್ನೊಂದಕ್ಕೆ ತುಟಿ ಬಿಡಲಿಲ್ಲ. ಗಂಟಲು ಮಾತ್ರ ಮತ್ತೆ ಆಡತೊಡಗಿತು.